ಹಿಟ್ಟಿನ ಡಬ್ಬ ಮತ್ತು ಸದ್ದಿಲ್ಲದ ಕಾರು

ಕಾರು ಹತ್ತಿದೊಡನೆ ಅವರು ಚಪ್ಪಲಿ ಬಿಡುತ್ತಿದ್ದರು. ಗುಡಿಯ ಬಾಗಿಲಲ್ಲಿ ಬಿಟ್ಟ ಹಾಗೆ ಎರಡನ್ನೂ ಜೋಡಿಸಿ ಸೀಟಿನ ಕೆಳಗೆ ತಳ್ಳಿ, ಬರಿಗಾಲುಗಳ ನಡುವೆ ಒಂದು ಮೋಟು ಸ್ಟೀಲ್ ಡಬ್ಬ ಇಟ್ಟುಕೊಂಡು, ಅದರ ಹೊಟ್ಟೆಗೆ ಎರಡೂ ಹೆಬ್ಬೆರಳು ಒತ್ತಿ ಕೂರುತ್ತಿದ್ದರು. ಜನ್ಮವಿಡೀ ಒಲೆಯ ಮುಂದೆ ಒದ್ದೆ ನೆಲದ ಮೇಲೆ ನಿಂತ ಪಾದಗಳು ಅವು. ಅಗಲವಾಗಿದ್ದವು, ಹಿಮ್ಮಡಿ ಒಡೆದಿತ್ತು, ಉಗುರು ಮಾತ್ರ ಸದಾ ಚೊಕ್ಕ. ನಾನು ಬ್ರೇಕನ್ನು ಜೋರಾಗಿ ಒತ್ತಿದರೆ ಆ ಹೆಬ್ಬೆರಳುಗಳು ಮುದುಡುತ್ತಿದ್ದವು. ಬಾಯಲ್ಲಿ ಅವರು ಏನೂ ಅನ್ನುತ್ತಿರಲಿಲ್ಲ. ಬೆರಳು ನೋಡಿಯೇ ನನಗೆ ನನ್ನ ಡ್ರೈವಿಂಗಿನ ಯೋಗ್ಯತೆ ತಿಳಿದುಬಿಡುತ್ತಿತ್ತು.

ನಾಸಿಕ್ ರೋಡ್ ಸ್ಟೇಷನ್ನಿನ ಬಳಿ ಅವರದೊಂದು ಸಸ್ಯಾಹಾರಿ ಹೋಟೆಲು. ಮೀಸೆ ಮೂಡುವ ಮುಂಚೆ ಕರಾವಳಿಯಿಂದ ಬಂದು, ಯಾರದೋ ಅಡುಗೆಮನೆಯಲ್ಲಿ ರುಬ್ಬುತ್ತ ರುಬ್ಬುತ್ತ ಕಡೆಗೆ ಸ್ವಂತದ್ದು ಮಾಡಿಕೊಂಡವರು. ಮುಂದೆ ಸಂಭಾಜಿನಗರದಲ್ಲೂ ಒಂದು ಶಾಖೆ ತೆರೆದರು. ನಾವು ಬಾಗಲಕೋಟೆ ಕಡೆಯವರು. ಯಜಮಾನರಿಗೆ ಇಲ್ಲಿಯ ಸರ್ಕಾರಿ ಮುದ್ರಣಾಲಯದಲ್ಲಿ ಕೆಲಸ, ನನಗೆ ಬ್ಯಾಂಕಿನಲ್ಲಿ. ಊರು ಬಿಟ್ಟು ಬಂದ ಹೊಸದರಲ್ಲಿ ಕನ್ನಡ ಕಿವಿಗೆ ಬೀಳಲಿ ಎಂದೇ ಅವರ ಹೋಟೆಲಿಗೆ ಹೋಗುತ್ತಿದ್ದೆವು. ಅವರ ‘ಉಂಟು’ಗಳಿಗೆ ನಾವು ನಗುವುದು, ನಮ್ಮ ‘ಹೌದ್ರಿ’ಗಳಿಗೆ ಅವರು ನಗುವುದು, ಹೀಗೆ ಬಳಕೆ ಬೆಳೆಯಿತು. ನಾನು ಅವರನ್ನು ಹೋಟೆಲ್ ಕಾಕಾ ಎನ್ನುತ್ತಿದ್ದೆ. ಕನ್ನಡ ಅರ್ಥವಾದರೂ ಮರಾಠಿಯಲ್ಲೇ ಉತ್ತರ ಕೊಡುವ ನನ್ನ ಮಗಳಿಗೆ ಅವರು ಆಜೋಬಾ, ಅಂದರೆ ಅಜ್ಜ. ಅವರ ಬಾಯಲ್ಲಿ ನಾನು ಬ್ಯಾಂಕಿನಮ್ಮ.

ನನಗೆ ಬಡ್ತಿ ಬಂದು ಸಂಭಾಜಿನಗರದ ಶಾಖೆಗೆ ಹಾಕಿದಾಗ ಮಗಳು ಇನ್ನೂ ಶಾಲೆಯಲ್ಲಿದ್ದಳು. ವಾರವೆಲ್ಲ ಅಲ್ಲಿದ್ದು ಶನಿವಾರ ಮನೆಗೆ ಬಂದು, ಸೋಮವಾರ ನಸುಕಿನಲ್ಲಿ ಮತ್ತೆ ಹೊರಡುವುದೆಂದು ಠರಾವಾಯಿತು. ನಮ್ಮದೊಂದು ಹಳೆಯ ಸಣ್ಣ ಕಾರಿತ್ತು. ಮೊದಲ ತಿಂಗಳಲ್ಲೇ ಯೇವಲಾ ಹತ್ತಿರ ಈರುಳ್ಳಿ ತುಂಬಿದ ಟ್ರ್ಯಾಕ್ಟರಿನ ಹಿಂದೆ ಬ್ರೇಕು ಹಿಡಿಯುವುದು ತಡವಾಗಿ, ಕಾರಿನ ಮೂತಿ ಅದರ ಟ್ರಾಲಿಯ ಕೆಳಗೆ ನುಗ್ಗಿತು. ಯಾರಿಗೂ ಏನೂ ಆಗಲಿಲ್ಲ. ಬಾನೆಟ್ಟಿನ ಮೇಲೆ ಒಂದು ರಾಶಿ ಈರುಳ್ಳಿ ಬಿತ್ತು, ಅಷ್ಟೇ. ಆದರೆ ಅಂದಿನಿಂದ ಸ್ಟಿಯರಿಂಗ್ ಮುಟ್ಟಿದರೆ ಅಂಗೈ ಬೆವರುತ್ತಿತ್ತು. ಬಸ್ಸಿನಲ್ಲಿ ಹೋದರೆ ನನಗೆ ದಾರಿಯುದ್ದಕ್ಕೂ ವಾಂತಿ, ಕೆಲಸದ ದಿನವಿಡೀ ತಲೆಸುತ್ತು. ಬಡ್ತಿ ಬೇಡ, ನಾಸಿಕ್‌ನಲ್ಲೇ ಹಳೆಯ ಕುರ್ಚಿ ಕೊಡಿ ಎಂದು ಕೇಳಿಬಿಡುವುದೆಂದು ನಿರ್ಧರಿಸಿದೆ. ಹಾಗೆ ಕೇಳಿದರೆ ಮತ್ತೆ ಮೇಲಕ್ಕೆ ಹೋಗುವ ದಾರಿ ಮುಚ್ಚಿದಂತೆಯೇ ಎಂಬುದು ನನಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು.

ಆ ಭಾನುವಾರ ಸಂಜೆ ಕಾಕಾ ಮನೆಗೆ ಬಂದರು. ಧೈರ್ಯ ಹೇಳಲಿಕ್ಕೆ ಬಂದಿದ್ದಾರೆ ಎಂದುಕೊಂಡೆ. ಅಲ್ಲ, ಅವರಿಗೆ ಅವರದೇ ಕೆಲಸವಿತ್ತು. ಸಂಭಾಜಿನಗರದ ಹೋಟೆಲಿನಲ್ಲಿ ಸೋಮವಾರದ ಮೊದಲ ಒಬ್ಬೆ ಇಡ್ಲಿ ಬೇಯುವುದು ನಾಸಿಕ್ ರೋಡಿನ ಹಿಟ್ಟಿನಿಂದಲೇ. ಆ ಮೊದಲ ಬಾರಿಯ ಇಡ್ಲಿ ಗಲ್ಲಾಪೆಟ್ಟಿಗೆಯ ಮೇಲಿನ ದೇವರಿಗೆ ಎಡೆಯಾಗಿ, ಉಳಿದ ಹಿಟ್ಟು ಅಲ್ಲಿಯ ಹೊಸ ಹಿಟ್ಟಿಗೆ ಬೆರೆತು, ಆ ಮೇಲೆಯೇ ಹೋಟೆಲಿನ ಬಾಗಿಲು ತೆರೆಯುವುದು. ಅಲ್ಲಿಯ ಖಾಯಂ ಗಿರಾಕಿಗಳು ಸೋಮವಾರ ತಡವಾಗಿಯೇ ಬರುತ್ತಿದ್ದರು. ಇದು ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ, ಕಾಕಾ ಮಾಡಿಕೊಂಡ ಶಾಸ್ತ್ರ. ಉಬ್ಬಿದ ಹಿಟ್ಟನ್ನು ಅವರು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ಯುತ್ತಿದ್ದರು. ಬಸ್ಸಿನ ಕುಲುಕಾಟಕ್ಕೆ ಹಿಟ್ಟು ಕೂತುಬಿಡುತ್ತಿತ್ತು, ಅಂದರೆ ಒಳಗಿನ ಗಾಳಿಯೆಲ್ಲ ಹೋಗಿ ಇಳಿದುಬಿಡುತ್ತಿತ್ತು. ದೇವರಿಗೆ ವಾರವಾರವೂ ಗಟ್ಟಿ ಇಡ್ಲಿ.

ಕಾರಿನಲ್ಲಿ ತಮ್ಮನ್ನೂ ಡಬ್ಬವನ್ನೂ ಕರೆದೊಯ್ಯಬೇಕು ಎಂದರು. ನಾನು ನಡೆದದ್ದೆಲ್ಲ ಹೇಳಿ, “ಕಾಕಾ, ನನ್ನ ಕೈಲೆ ಆಗೂದಿಲ್ರಿ. ನಂಗ ಬ್ರೇಕ್ ಹಾಕೂದ ತಿಳಿಯೂದಿಲ್ಲ,” ಎಂದೆ.

“ಬ್ರೇಕು ಯಾಕೆ ಹಾಕ್ತೀರಿ ಮಾರಾಯ್ರೆ? ಹಾಕ್ಬೇಡಿ. ನನ್ನ ಹಿಟ್ಟಿಗೆ ಬ್ರೇಕು ಆಗಿಬರುದಿಲ್ಲ,” ಎಂದರು.

ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಮರುದಿನ ಬೆಳಕು ಹರಿಯುವ ಮುಂಚೆ ಡಬ್ಬ ಹಿಡಿದು ಗೇಟಿನ ಮುಂದೆ ನಿಂತಿದ್ದರು. ಹಿರಿಯರು ಚಳಿಯಲ್ಲಿ ನಿಂತಿರುವಾಗ ಇಲ್ಲ ಎನ್ನಲಾಗದೆ ಕಾರಿನ ಕೀ ತೆಗೆದುಕೊಂಡು ಬಂದೆ.

ಒಂದು ಮಾತು ಹೇಳಿಬಿಡಬೇಕು. ಕಾಕಾಗೆ ಕಾರು ಬಿಡಲು ಬರುತ್ತಿರಲಿಲ್ಲ. ಸೈಕಲ್ಲು ಬಿಟ್ಟು ಅವರು ಬೇರೇನನ್ನೂ ಓಡಿಸಿದವರಲ್ಲ. ಕ್ಲಚ್ಚು ಯಾವುದು, ಗೇರು ಯಾವುದು ಎಂದು ಕೊನೆಯವರೆಗೂ ಕೇಳಲಿಲ್ಲ. ಅವರಿಗೆ ಗೊತ್ತಿದ್ದದ್ದು ಹಿಟ್ಟು ಮಾತ್ರ. ಎದುರಿಗೆ ದೂರದಲ್ಲಿ ಟ್ರ್ಯಾಕ್ಟರು ಕಂಡರೆ, “ಅಲ್ಲೊಂದು ಉಂಟು, ಈಗಲೇ ಕಾಲು ತೆಗೀರಿ,” ಎನ್ನುತ್ತಿದ್ದರು. ನಾನು ಆಕ್ಸಲರೇಟರಿನಿಂದ ಕಾಲು ತೆಗೆಯುತ್ತಿದ್ದೆ. ಕಾರು ತನ್ನಷ್ಟಕ್ಕೆ ನಿಧಾನವಾಗುತ್ತ ಹೋಗಿ, ಟ್ರ್ಯಾಕ್ಟರಿನ ಹಿಂದೆ ಸೇರುವ ಹೊತ್ತಿಗೆ ಅದರ ವೇಗಕ್ಕೇ ಬಂದಿರುತ್ತಿತ್ತು. ಯೇವಲಾದ ಆ ಜಾಗ ಬಂದಾಗ ನಾನು ಸ್ಟಿಯರಿಂಗನ್ನು ಅವಚಿ ಹಿಡಿದದ್ದನ್ನು ಗಮನಿಸಿರಬೇಕು. “ಡಬ್ಬ ನೋಡ್ಕೊಳ್ಳಿ, ರಸ್ತೆ ತನ್ನಿಂದ ತಾನೇ ಸರಿ ಹೋಗ್ತದೆ,” ಎಂದರು. ಹೆದರುವವರಿಗೆ ಹೆದರಬೇಡ ಎಂದರೆ ಏನೂ ಪ್ರಯೋಜನವಿಲ್ಲ, ಅವರ ಕೈಗೊಂದು ಜೋಪಾನ ಮಾಡುವ ವಸ್ತು ಕೊಡಬೇಕು. ಇದನ್ನು ಅವರು ಯೋಚಿಸಿ ಮಾಡಿದರೋ, ಇಡ್ಲಿಯ ಸ್ವಾರ್ಥದಿಂದಲೇ ಮಾಡಿದರೋ, ನಾನು ಕೇಳಲಿಲ್ಲ. ಇಡ್ಲಿಯ ಸ್ವಾರ್ಥವೇ ಇರಬೇಕು, ಅವರ ಸ್ವಭಾವ ನನಗೆ ಗೊತ್ತು.

ಆ ದಿನ ಸಂಭಾಜಿನಗರದಲ್ಲಿ ಮುಚ್ಚಳ ತೆಗೆದಾಗ ಹಿಟ್ಟು ಅರ್ಧ ಇಳಿದಿತ್ತು. ಕಾಕಾ ಬಗ್ಗಿ ನೋಡಿ, “ಪಾಸು. ಫಸ್ಟ್ ಕ್ಲಾಸಲ್ಲ,” ಎಂದು ಒಳಗೆ ಹೋದರು. ಬಡ್ತಿ ಬೇಡವೆನ್ನುವ ಅರ್ಜಿ ನಾನು ಬರೆಯಲೇ ಇಲ್ಲ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಹಿಟ್ಟು ಡಬ್ಬದಲ್ಲಿ ಹೊರಟ ಹಾಗೆಯೇ ತಲುಪತೊಡಗಿತು.

ಸೋಮವಾರ ಸಂಜೆ ಅವರು ಖಾಲಿ ಡಬ್ಬದೊಂದಿಗೆ ಬಸ್ಸಿನಲ್ಲಿ ವಾಪಸಾಗುತ್ತಿದ್ದರು. ಖಾಲಿ ಡಬ್ಬಕ್ಕೆ ಬಸ್ಸಿನ ಭಯವಿಲ್ಲ ಎನ್ನುತ್ತಿದ್ದರು. ಬೇರೆ ಯಾರ ಹೋಟೆಲಿನ ಇಡ್ಲಿಯನ್ನೂ ಮುಟ್ಟದ ಆ ಮನುಷ್ಯ ವೈಜಾಪುರದಾಚೆಯ ಒಂದು ತಗಡಿನ ಅಂಗಡಿಯಲ್ಲಿ ಮಾತ್ರ ಹೋಗುವಾಗ ಪ್ರತಿ ವಾರ ಕಾರು ನಿಲ್ಲಿಸಲು ಹೇಳಿ ಕಾಳಿನ ಖಾರದ ಮಿಸಳ್ ತಿನ್ನುತ್ತಿದ್ದರು. ಹಣೆಯ ಬೆವರು ಒರೆಸಿಕೊಳ್ಳುತ್ತ ಇನ್ನೊಂದು ಪಾವು ಕೇಳುವರು. ಮನೆಯಲ್ಲಿ ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, ಹೇಳಬಾರದೆಂದು ನನಗೆ ತಾಕೀತು. ಕಾಕುಗೆ ಎಲ್ಲ ಗೊತ್ತಿತ್ತು, ಅಂಗಿಯ ಮೇಲಿನ ಎಣ್ಣೆಯ ಕಲೆ ತೊಳೆಯುವವರು ಅವರೇ ತಾನೆ.

ಹಳೆಯ ಕಾರು ಕೆಮ್ಮತೊಡಗಿದಾಗ ಹೊಸದು ತೆಗೆದುಕೊಳ್ಳುವ ಮಾತು ಬಂತು. ಅಷ್ಟರಲ್ಲಿ ಕಾಲೇಜು ಸೇರಿದ್ದ ಮಗಳು ಹೈಬ್ರಿಡ್ ಸೆಡಾನ್ ಆಗಬೇಕೆಂದು ಹಟ ಹಿಡಿದಳು. ಪೆಟ್ರೋಲ್ ಎಂಜಿನ್ನೂ ಇರುತ್ತದೆ, ಕರೆಂಟಿನ ಮೋಟರೂ ಇರುತ್ತದೆ, ಯಾವಾಗ ಯಾವುದು ಬೇಕೋ ಕಾರೇ ನೋಡಿಕೊಳ್ಳುತ್ತದೆ ಎಂದು ಆಜೋಬಾನ ಮುಂದೆ ಮರಾಠಿಯಲ್ಲಿ ವಿವರಿಸಿದಳು. ಕಾಕಾ ಪೂರ್ತಿ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು. “ಒಂದು ಅಡುಗೆಮನೆಗೆ ಇಬ್ರು ಭಟ್ರು. ಆಗುದಲ್ಲ ಹೋಗುದಲ್ಲ. ಒಬ್ಬ ಉಪ್ಪು ಹಾಕಿದ್ದಕ್ಕೆ ಇನ್ನೊಬ್ಬ ಹಾಕ್ತಾನೆ.”

ಆದರೂ ಕಾರು ಬಂದ ದಿನ ಪೂಜೆ ಅವರ ಹೋಟೆಲಿನ ಮುಂದೆಯೇ ಆಗಬೇಕೆಂದರು. ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ಇನ್ನು ಚಾಲೂ ಮಾಡಿ ಎಂದರು. ನಾನು ಗುಂಡಿ ಒತ್ತಿ ಸುಮ್ಮನೆ ಕೂತೆ. ಸ್ವಲ್ಪ ಕಾದು ಮತ್ತೆ ಚಾಲೂ ಮಾಡಿ ಎಂದರು. “ಚಾಲೂ ಆಗೇದ್ರಿ ಕಾಕಾ,” ಎಂದೆ. ಅವರಿಗೆ ನಂಬಿಕೆಯಾಗಲಿಲ್ಲ. ಕಾವಲಿ ಕಾದಿದೆಯೇ ಎಂದು ನೋಡುವ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಶುಭ ಗಳಿಗೆಯಲ್ಲಿ ಹೊಸ ಕಾರು ಕೆಟ್ಟಿದೆ ಎಂದು ಅವರ ಮುಖ ಸಣ್ಣದಾಯಿತು. ನಾನು ಬ್ರೇಕಿನಿಂದ ಕಾಲು ತೆಗೆದಾಗ ಕಾರು ಸದ್ದಿಲ್ಲದೆ ಮುಂದೆ ಸರಿದು ನಿಂಬೆಹಣ್ಣು ಪಟಕ್ಕೆಂದು ಒಡೆಯಿತು. ಕಾಕಾ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಗಲ್ಲಾದಲ್ಲಿದ್ದ ಅವರ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ.

ಹಳೆಯ ಕಾರಿನಿಂದ ಇದಕ್ಕೆ ಬಂದಾಗ ನನಗೂ ಕೆಲವು ದಿನ ಪರಕೀಯವೆನಿಸಿತು. ಎಡಗಾಲಿಗೆ ಕೆಲಸವಿಲ್ಲ. ಕೈ ಸುಮ್ಮಸುಮ್ಮನೆ ಗೇರು ಹುಡುಕುತ್ತಿತ್ತು. ನಾಸಿಕ್‌ನ ಸಿಗ್ನಲ್ಲುಗಳಲ್ಲಿ ಎಂಜಿನ್ ಪೂರ್ತಿ ಮಲಗಿಬಿಡುತ್ತದೆ, ಪಕ್ಕದ ರಿಕ್ಷಾದವನ ಫೋನಿನ ಮಾತು ಚೆನ್ನಾಗಿ ಕೇಳಿಸುತ್ತದೆ. ಊರೊಳಗೆ ಕುಡಿಯುವ ಪೆಟ್ರೋಲು ಬಹಳ ಕಡಿಮೆ, ಹೆದ್ದಾರಿಯಲ್ಲಿ ಶೋರೂಮಿನವರು ಹೇಳಿದಷ್ಟೇನೂ ಉಳಿಯುವುದಿಲ್ಲ. ಲಾರಿ ದಾಟಲೆಂದು ಜೋರಾಗಿ ಒತ್ತಿದರೆ ಎಂಜಿನ್ ಒಮ್ಮೆಲೇ ಎದ್ದು ಗೊಣಗುತ್ತದೆ, ನಿದ್ದೆಗೆಡಿಸಿದವರ ಮೇಲೆ ಸಿಟ್ಟಾದಂತೆ. ಹೊಟ್ಟೆ ನೆಲಕ್ಕೆ ಹತ್ತಿರ, ಹಳ್ಳಿಗಳಲ್ಲಿ ರಸ್ತೆಗೆ ಅಡ್ಡಲಾಗಿ ಎಬ್ಬಿಸಿದ ಹಂಪು ಕಂಡರೆ ಎದೆ ಝಲ್ಲೆನ್ನುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ, ಬೆಳಗಿನ ಜಾವ ಮನೆಯ ಓಣಿಯಿಂದ ನೆರೆಯವರನ್ನು ಎಬ್ಬಿಸದೆ ಜಾರಿಕೊಂಡು ಹೋಗುವ ಸುಖಕ್ಕೆ ನಾನು ಆ ಕಾರಿಗೆ ಸೋತುಹೋದೆ.

ಅದರ ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ. ಎಂಜಿನ್, ಬ್ಯಾಟರಿ, ಚಕ್ರ, ನಡುವೆ ಓಡಾಡುವ ಬಾಣಗಳು. ಮೊದಲ ಸೋಮವಾರ ಕಾಕಾ ರಸ್ತೆ ಬಿಟ್ಟು ಅದನ್ನೇ ನೋಡುತ್ತ ಕೂತರು. ನಿಫಾಡ್ ದಾಟಿದ ಮೇಲೆ ದೂರದಲ್ಲೊಂದು ದ್ರಾಕ್ಷಿ ಗಾಡಿ ಕಂಡು ನಾನು ಎಂದಿನ ಅಭ್ಯಾಸದಂತೆ ಕಾಲು ತೆಗೆದೆ. ಬಾಣ ತಿರುಗಿ ಚಕ್ರದಿಂದ ಬ್ಯಾಟರಿಯ ಕಡೆಗೆ ಓಡಿತು. ಇದೆಂತದು ಎಂದು ಕೇಳಿದರು. ಕಾಲು ತೆಗೆದಾಗ ಕಾರು ಓಡುವ ರಭಸದಿಂದಲೇ ಕರೆಂಟು ಹುಟ್ಟಿ ಒಳಗೆ ಜಮೆಯಾಗುತ್ತದೆ, ಮೊದಲೇ ತೆಗೆದರೆ ಹೆಚ್ಚು ಜಮೆ, ಕಡೇ ಗಳಿಗೆಯಲ್ಲಿ ಬ್ರೇಕು ಒತ್ತಿದರೆ ನಷ್ಟ ಎಂದು ಹೇಳಿದೆ. ಇಳಿಯುವಾಗ ಕಾರು ಮಾರ್ಕ್ಸ್ ಕೂಡ ಕೊಡುತ್ತದೆ ಎಂದೂ ಹೇಳಿದೆ. ಅವರು ಇನ್ನೂ ಎರಡು ಗಾಡಿ ಬರುವವರೆಗೆ ಬಾಣ ತಿರುಗುವುದನ್ನೇ ನೋಡಿದರು. ಆಮೇಲೆ, “ಹಾಗಾದ್ರೆ ಇದಕ್ಕೆ ನಮ್ಮ ಹಿಟ್ಟಿನ ಬುದ್ಧಿ ಉಂಟು,” ಎಂದರು. ಆ ವಾರ ಕಾರು ನನಗೆ ಕೊಟ್ಟ ಮಾರ್ಕ್ಸ್ ನೋಡಿ ಮಗಳು ದಂಗಾದಳು. ಕಾರು ಹೊಸದು, ಪಾಠ ಹಳೆಯದು ಎಂದೆ.

ಚಳಿಗಾಲದಲ್ಲಿ ಒಂದು ಫಜೀತಿಯಾಯಿತು. ನಿಫಾಡದ ಚಳಿ ಗೊತ್ತಿದ್ದವರಿಗೇ ಗೊತ್ತು, ತೋಟದವರು ಬೆಳಗಿನ ಜಾವ ದ್ರಾಕ್ಷಿಯ ಸಾಲುಗಳ ನಡುವೆ ಬೆಂಕಿ ಹಾಕಿ ಹೊಗೆ ಎಬ್ಬಿಸುತ್ತಾರೆ. ಅಂಥ ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ. ಹಿಂದಿನ ಸೀಟಿನ ಬದಿಯಲ್ಲಿ ಜಾಲರಿಯಂಥದ್ದೊಂದನ್ನು ಕಾಕಾ ಕಂಡಿದ್ದರು. ಅದರಿಂದ ಬಿಸಿಗಾಳಿ ಬರುತ್ತದೆ ಎಂದು ತಾವೇ ತೀರ್ಮಾನಿಸಿ, ನನಗೆ ಹೇಳದೆ ಡಬ್ಬಕ್ಕೆ ದಪ್ಪ ಕಂಬಳಿ ಸುತ್ತಿ ಅದಕ್ಕೇ ಒತ್ತಿ ಇಟ್ಟರು. ವೈಜಾಪುರದ ಹತ್ತಿರ ಪರದೆಯಲ್ಲಿ ಹಳದಿ ದೀಪ ಹತ್ತಿ ಏನೋ ಎಚ್ಚರಿಕೆ ಬಂತು. ನಾನು ಬೆದರಿ ಕಾರು ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಫೋನು ಮಾಡಿದೆ. ಹಿಂದಿನ ಸೀಟಿನಲ್ಲಿ ಏನಾದರೂ ಇಟ್ಟಿದ್ದೀರಾ ಮೇಡಂ ಎಂದು ಅವನು ಮರಾಠಿಯಲ್ಲಿ ಕೇಳಿದ. ಇಡ್ಲಿ ಹಿಟ್ಟು ಎಂದೆ. ಏನು, ಏನು ಎಂದು ಅವನು ಎರಡು ಸಲ ಕೇಳಿದ. ಆ ಜಾಲರಿ ಗಾಳಿ ಬಿಡುವುದಲ್ಲ, ಬ್ಯಾಟರಿಯನ್ನು ತಂಪಾಗಿಡಲು ಗಾಳಿ ಎಳೆದುಕೊಳ್ಳುವುದಂತೆ. ಕಂಬಳಿ ತೆಗೆದು ಸ್ವಲ್ಪ ಹೊತ್ತು ಕಾದು ಹೊರಟಾಗ ದೀಪ ಆರಿತು. ಕಾಕಾ ಡಬ್ಬವನ್ನು ಮತ್ತೆ ಕಾಲ ನಡುವೆ ಇಟ್ಟುಕೊಂಡು ಚಿಕ್ಕ ಮಕ್ಕಳಂತೆ ಮುಖ ಮಾಡಿ ಕೂತರು. “ಪಾಪದ್ದರ ಮೂಗು ನಾನೇ ಮುಚ್ಚಿದೆ ಅಲ್ವಾ?” ಎಂದು ದಾರಿಯಲ್ಲಿ ಹಲವು ಸಲ ಕೇಳಿದರು. ಇಳಿಯುವಾಗ ಆ ಜಾಲರಿಯನ್ನು ಒಮ್ಮೆ ಸವರಿ ಇಳಿದರು.

ಮುಂದಿನ ಶ್ರಾವಣ ಕಳೆದ ಮೇಲೆ ಒಂದು ಸೋಮವಾರ, ದೇವರ ಎಡೆ ಮುಗಿಸಿದವರೇ ಹೊಟ್ಟೆ ಹಿಡಿದುಕೊಂಡು ಕುಸಿದರಂತೆ. ಬ್ಯಾಂಕಿಗೆ ಫೋನು ಬಂತು. ಕರುಳಿಗೆ ತೊಡಕಾಗಿ ಸಂಭಾಜಿನಗರದಲ್ಲೇ ಆಪರೇಷನ್ ಆಯಿತು. ಕಾಕು ನಾಸಿಕ್‌ನಿಂದ ಬಂದು ಆಸ್ಪತ್ರೆಯಲ್ಲಿ ನಿಂತರು. ಒಳಗೆ ನೋಡಿದ್ದು ಒಳ್ಳೆಯದಲ್ಲ, ಹೆಚ್ಚು ಕಾಲವಿಲ್ಲ ಎಂದು ಡಾಕ್ಟರು ಮಗನಿಗೆ ಹೇಳಿದರು. ಕಾಕಾಗೆ ಯಾರೂ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಅವರು ಹಿಡಿದದ್ದು ಒಂದೇ ಹಟ, ನಾಸಿಕ್ ರೋಡಿಗೆ ಹೋಗಬೇಕು, ತಮ್ಮ ಅಡುಗೆಮನೆಯ ಸದ್ದು ಕೇಳಬೇಕು.

ಮಗ ಆಂಬುಲೆನ್ಸಿಗೆ ಹೇಳಿದ್ದ. ಕಾಕಾ ಒಪ್ಪಲಿಲ್ಲ. “ಅದ್ರಲ್ಲಿ ಉದ್ದಕ್ಕೆ ಮಲಗಿ ಹೋಗ್ಲಿಕ್ಕೆ ನಾನೇನು ಹೆಣವಾ? ಬ್ಯಾಂಕಿನಮ್ಮ ಕರ್ಕೊಂಡು ಹೋಗ್ಲಿ.”

ಹೊಲಿಗೆ ಇನ್ನೂ ಹಸಿ. ಒಂದು ಜೋರು ಕುಲುಕಾದರೂ ಅವರಿಗೆ ಜೀವ ಹೋದಷ್ಟು ನೋವಾಗುತ್ತದೆ ಎಂದು ನರ್ಸಮ್ಮ ಹೇಳಿದ್ದರು. ಮುಂದಿನ ಸೀಟು ಹಿಂದಕ್ಕೆ ಬಾಗಿಸಿ, ಹೊಟ್ಟೆಗೊಂದು ದಿಂಬು ಕೊಟ್ಟು, ನಿಧಾನವಾಗಿ ಹೋಗುವುದಾದರೆ ಆಗಬಹುದು ಎಂದು ಡಾಕ್ಟರು ಒಪ್ಪಿದರು. ಟ್ರ್ಯಾಕ್ಟರಿನ ಹಿಂದೆ ಹೊಕ್ಕ ಆ ಬೆಳಗ್ಗೆ ನೆನಪಾಯಿತು. ಆಗುವುದಿಲ್ಲ ಎಂದುಬಿಡಬೇಕೆನಿಸಿತು. ಹೇಳಲು ಬಾಯಿ ತೆರೆದು ಅವರ ಮುಖ ನೋಡಿದೆ. ಅವರು ಆಗಲೇ ನರ್ಸಮ್ಮನಿಗೆ ಚಪ್ಪಲಿ ಬೇಡ, ಬರಿಗಾಲೇ ಸಾಕು ಎನ್ನುತ್ತಿದ್ದರು.

ಬೆಳಗಿನ ತಂಪಿನಲ್ಲೇ ಹೊರಟೆವು. ಕಾಕು ಹಿಂದೆ ಕೂತು ಗಂಡನ ಭುಜದ ಮೇಲೆ ಕೈ ಇಟ್ಟಿದ್ದರು. ದೌಲತಾಬಾದಿನ ಕೋಟೆ ಕಂಡಾಗ ಕಾಕಾ ಕಣ್ಣು ತೆರೆದು ಅದನ್ನು ಒಮ್ಮೆ ನೋಡಿ ಮತ್ತೆ ಮುಚ್ಚಿದರು. ನಾನು ರಸ್ತೆ ನೋಡುತ್ತಿದ್ದೆ, ನಡುವೆ ಅವರ ಪಾದ ನೋಡುತ್ತಿದ್ದೆ. ಶಾಲಿನಿಂದ ಹೊರಗೆ ಬಂದ ಎರಡು ಹೆಬ್ಬೆರಳು. ಪ್ರತಿ ಹಂಪನ್ನೂ ದೂರದಿಂದಲೇ ಕಂಡು, ಕಾಲು ತೆಗೆದು, ಕಾರನ್ನು ಅದರ ಪಾಡಿಗೆ ಬಿಟ್ಟು, ಒಂದೊಂದೇ ಚಕ್ರವನ್ನು ಇಳಿಸುತ್ತಿದ್ದೆ. ಹಿಂದಿನವರು ಹಾರ್ನು ಹೊಡೆದು ಬೈದುಕೊಂಡು ಹೋದರು. ವೈಜಾಪುರಕ್ಕೆ ಮುಂಚೆ ಮಿಸಳ್ ಅಂಗಡಿ ಬಂದಾಗ, “ನಿಲ್ಸುದು ಬೇಡ,” ಎಂದು ಕಾಕಾ ಕಣ್ಣು ಮುಚ್ಚಿಯೇ ಹೇಳಿದರು. ಹಿಂದಿನಿಂದ ಕಾಕು, “ಇವತ್ತೊಂದು ದಿನ ನನ್ನೆದುರೇ ತಿನ್ನಬಹುದಿತ್ತು,” ಎಂದರು. ಕಾಕಾ ನಕ್ಕರು, ನಕ್ಕದ್ದಕ್ಕೆ ಹೊಟ್ಟೆ ನೋವಾಗಿ ದಿಂಬು ಒತ್ತಿಕೊಂಡರು. ಯೇವಲಾ ಹತ್ತಿರ ಒಂದು ಮೋಟರ್‌ಸೈಕಲ್ಲು ಹೊಲದ ದಾರಿಯಿಂದ ನೋಡದೆ ರಸ್ತೆಗೆ ಬಂತು. ಹೆಬ್ಬೆರಳುಗಳು ಮುದುಡಿದವು. ಅವನು ಹೊಲದಲ್ಲಿ ಬರುತ್ತಿದ್ದಾಗಲೇ ನಾನು ಕಾಲು ತೆಗೆದಿದ್ದೆ. ಕಾರು ನೀರಿನ ಮೇಲಿನ ದೋಣಿಯಂತೆ ನಿಧಾನವಾಯಿತು, ಅವನು ದಾಟಿದ, ಬೆರಳು ಬಿಚ್ಚಿಕೊಂಡವು. ಅಲ್ಲಿಂದಾಚೆ ಕಾಕಾಗೆ ನಿದ್ದೆ ಬಂತು.

ಹೋಟೆಲಿನ ಮುಂದೆ ಕಾರು ನಿಲ್ಲಿಸಿದೆ. ಎಂಜಿನ್ ಮೊದಲೇ ಮಲಗಿತ್ತು, ನಿಂತದ್ದೇ ಗೊತ್ತಾಗಲಿಲ್ಲ. ಒಳಗೆ ಗ್ರೈಂಡರು ತಿರುಗುವ ಸದ್ದು ಸಣ್ಣಗೆ ಕೇಳುತ್ತಿತ್ತು. ಅವರು ಕಣ್ಣು ತೆರೆಯದೆ, “ಸಿಗ್ನಲ್ಲಾ?” ಎಂದರು.

“ಮನಿ ಬಂತ್ರಿ ಕಾಕಾ,” ಎಂದೆ.

ಕಣ್ಣು ತೆರೆದರು. ತಮ್ಮದೇ ಬೋರ್ಡನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆಮೇಲೆ ದಿಂಬು ಸರಿಸಿ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರು, ಅಂದು ಬಾನೆಟ್ಟಿನ ಮೇಲೆ ಇಟ್ಟ ಹಾಗೆ. “ಇಬ್ರು ಭಟ್ರೂ ಜಗಳ ಮಾಡ್ಲಿಲ್ಲ,” ಎಂದರು. ಸ್ವಲ್ಪ ಉಸಿರು ತೆಗೆದುಕೊಂಡು, “ಹಿಟ್ಟು ಕೂತಿಲ್ಲ ಮಾರಾಯ್ರೆ. ಇವತ್ತು ಫಸ್ಟ್ ಕ್ಲಾಸ್,” ಎಂದರು.

ಸ್ಟಿಯರಿಂಗಿಗೆ ಹಣೆ ಹಚ್ಚಿ ನಾನು ಅತ್ತುಬಿಟ್ಟೆ. ಕಾಕು ಹಿಂದಿನಿಂದ ನನ್ನ ಬೆನ್ನು ಸವರಿದರು.

ಅವರು ಯುಗಾದಿಯವರೆಗೆ ಇದ್ದರು. ಅಡುಗೆಮನೆಯ ಪಕ್ಕದ ಕೋಣೆಯಲ್ಲೇ ಹಾಸಿಗೆ ಹಾಕಿಸಿಕೊಂಡಿದ್ದರು. ಗ್ರೈಂಡರಿನ ಸದ್ದು ಕೇಳಿ ಉದ್ದು ಸಾಕೋ ಸಾಲದೋ ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಒಂದು ಮಧ್ಯಾಹ್ನ ಊಟದ ಗಿರಾಕಿಗಳು ಎದ್ದು ಹೋದ ಮೇಲೆ, ಹೋಟೆಲು ಒಂದಿಷ್ಟು ಹೊತ್ತು ಸುಮ್ಮನಾಗುವ ಸಮಯದಲ್ಲಿ, ಹೋದರು.

ಕಾರ್ಯಗಳೆಲ್ಲ ಮುಗಿದ ಮೇಲಿನ ಮೊದಲ ಸೋಮವಾರ ನಸುಕಿನಲ್ಲಿ ಗೇಟಿನ ಮುಂದೆ ಅವರ ಮಗ ನಿಂತಿದ್ದ. ಡಬ್ಬ ತಂದಿದ್ದ. ಅವನಿಗೆ ಇಲ್ಲಿಯ ಹೋಟೆಲು ಬಿಟ್ಟು ಬರಲಾಗುವುದಿಲ್ಲ, ಒಯ್ದು ಮುಟ್ಟಿಸಬಹುದೇ ಎಂದು ಕೇಳಿದ. ಕೇಳುವ ಮಾತೇ ಅದು? ನಾನೇ ಡಬ್ಬವನ್ನು ಪಕ್ಕದ ಸೀಟಿನ ಮುಂದೆ, ಅವರ ಪಾದಗಳಿರುತ್ತಿದ್ದ ಜಾಗದಲ್ಲಿ, ಅವರ ಕಂಬಳಿಯ ನಡುವೆ ಕೂರಿಸಿದೆ. ಓಣಿಯಿಂದ ಕಾರು ಸದ್ದಿಲ್ಲದೆ ಹೊರಟಿತು.

ಹೆದರಿ ಹಿಂದೆ ಸರಿಯಲಿದ್ದ ನಾನು ಇಂದು ಒಂದು ಶಾಖೆಯನ್ನು ನಡೆಸುತ್ತಿದ್ದೇನೆ, ಮಗಳನ್ನು ಓದಿಸಿದ್ದೇನೆ, ಯಾವ ರಸ್ತೆಗೂ ಅಂಜುವುದಿಲ್ಲ. ಇದೆಲ್ಲ ಕಾರು ಬಿಡಲು ಬಾರದ ಒಬ್ಬರು ಕೊಟ್ಟದ್ದು. ಸಂಭಾಜಿನಗರದಲ್ಲಿ ಗುಂಡಿ ಒತ್ತಿ ಕಾರು ಆರಿಸಿದಾಗ ಪರದೆಯ ಮೇಲೆ ಇಂದಿಗೂ ಮಾರ್ಕ್ಸ್ ಬರುತ್ತದೆ, ನಾಲ್ಕು ಕ್ಷಣ ನಿಂತು ಹೋಗುತ್ತದೆ. ನಾನು ಅದನ್ನು ನೋಡುವುದಿಲ್ಲ. ಆ ಹೊತ್ತಿಗೆ ಬಗ್ಗಿ ಡಬ್ಬದ ಮುಚ್ಚಳ ತೆಗೆಯುತ್ತಿರುತ್ತೇನೆ.